ಮೂವರು ಮೇಜಿನಲ್ಲಿ, ಇಬ್ಬರು ಆನ್‌ಲೈನ್: ಮ್ಯಾಪ್‌ಗೆ ಯಾವ ಸಾಫ್ಟ್‌ವೇರ್?

ದಾಳ_ತುಮಕೂರು

ಶನಿವಾರ ಸಂಜೆ ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಒಬ್ಬೊಬ್ರು ಒಂದೊಂದು ಪಾತ್ರವಾಗಿ ಆಡೋ ಆಟ) ಐದನೇ ಆವೃತ್ತಿ ಆಡಿಸ್ತೀನಿ. ಮೂವರು ತುಮಕೂರಲ್ಲೇ ಮನೆಗೆ ಬರ್ತಾರೆ, ಒಬ್ರು ಮಧುಗಿರಿಯಿಂದ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ, ಇನ್ನೊಬ್ರು ಬೆಂಗಳೂರಿಂದ. ಈಗ ಮ್ಯಾಪ್ ತೋರಿಸೋಕೆ ರೋಲ್20 ಅನ್ನೋ ಸೈಟಿನ ಉಚಿತ ಖಾತೆ. 100 ಎಂಬಿ ಜಾಗ ತುಂಬಿದೆ, ತಾನಾಗೇ ಬದಲಾಗುವ ಬೆಳಕು (ಪಾತ್ರ ಸರಿದಂತೆ ಕಾಣೋ ಜಾಗ ಬದಲಾಗೋದು) ಬೇಕಂದ್ರೆ ಚಂದಾ ಕಟ್ಟಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡೋ, ಆಟಗಾರರು ಬ್ರೌಸರ್‌ನಿಂದ ಸೇರೋ ಫೌಂಡ್ರಿ ಸಾಫ್ಟ್‌ವೇರ್ ತಗೊಳ್ಳೋಣ ಅಂತಿದೀನಿ.

ಲ್ಯಾಪ್‌ಟಾಪ್ ಐ3, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೇಬಲ್‌ನವರ ಬ್ರಾಡ್‌ಬ್ಯಾಂಡ್, ಸಂಜೆ ಹೊತ್ತು ಅಪ್‌ಲೋಡ್ 2 ಎಂಬಿಪಿಎಸ್ ಅಷ್ಟೇ. ಮಧುಗಿರಿ ಬೆಟ್ಟದ ಕೋಟೆ ಮಾದರಿಯಲ್ಲಿ ಒಂದು ಮ್ಯಾಪ್ ಬರೆದಿದೀನಿ, 40×50 ಚೌಕ, ಪಿಎನ್‌ಜಿ 18 ಎಂಬಿ. ಹೊರಗಿನವರು ಸೇರೋಕೆ ರೌಟರ್‌ನಲ್ಲಿ ಫೌಂಡ್ರಿಯ 30000 ಪೋರ್ಟ್ ಫಾರ್ವರ್ಡ್ ಮಾಡಿದ್ರೆ (ಆ ಸಂಖ್ಯೆಗೆ ಬರೋ ಸಂಪರ್ಕನ ಲ್ಯಾಪ್‌ಟಾಪ್‌ಗೆ ಕಳಿಸಿದ್ರೆ) ಸಾಕಾ? 43 ಇಂಚಿನ ಟಿವಿ ಮಲಗಿಸಿ ಅದರ ಮೇಲೇ ಮಿನಿಯೇಚರ್ (ಪಾತ್ರಗಳ ಪುಟ್ಟ ಬೊಂಬೆ) ಇಡುವ ಆಸೆಯೂ ಇದೆ.

ಅಂತರಗಂಗೆ

ಪೋರ್ಟ್ ಮುಟ್ಟೋ ಮುಂಚೆ ಒಂದು ಪರೀಕ್ಷೆ ಮಾಡಿ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೌಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ) ನೋಡಿ, ಆಮೇಲೆ "ನನ್ನ ಐಪಿ ಏನು" ಅಂತ ತೋರಿಸೋ ಯಾವುದಾದ್ರೂ ಸೈಟಲ್ಲಿ ನೋಡಿ. ಎರಡೂ ಬೇರೆ ಇದ್ರೆ, ಅದರಲ್ಲೂ ವ್ಯಾನ್ ಐಪಿ 100.64 ರಿಂದ 100.127 ರ ಒಳಗೆ ಶುರುವಾದ್ರೆ, ನೀವು ಸಿಜಿನ್ಯಾಟ್ ಹಿಂದೆ ಇದೀರ. ಅಂದ್ರೆ ಒಂದು ಪಬ್ಲಿಕ್ ವಿಳಾಸವನ್ನ ಎಷ್ಟೋ ಮನೆಗೆ ಹಂಚಿರ್ತಾರೆ. ಆಗ ನಿಮ್ಮ ರೌಟರ್‌ನಲ್ಲಿ ಏನೇ ಫಾರ್ವರ್ಡ್ ಮಾಡಿದ್ರೂ ಹೊರಗಿನವರು ಒಳಗೆ ಬರಲ್ಲ. ನಮ್ಮ ಕಡೆ ಸಣ್ಣ ಆಪರೇಟರ್‌ಗಳಲ್ಲಿ ಇದು ಮಾಮೂಲು. ಸ್ಟಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೊಡ್ತೀರಾ ಅಂತ ಕೇಳಿ, ಇಲ್ಲಾಂದ್ರೆ ಟನೆಲ್, ಅಂದ್ರೆ ನಿಮ್ಮ ಕಡೆಯಿಂದಲೇ ಹೊರಗಿನ ಸರ್ವರ್‌ಗೆ ತೆರೆದಿಡೋ ದಾರಿ.

ಟನೆಲ್‌ಗೆ ಕ್ಲೌಡ್‌ಫ್ಲೇರ್‌ನ ಕ್ಲೌಡ್‌ಫ್ಲೇರ್ಡ್ ಪ್ರೋಗ್ರಾಂ ಇಳಿಸಿ, ಲೋಕಲ್‌ಹೋಸ್ಟ್ (ಅದೇ ಲ್ಯಾಪ್‌ಟಾಪ್) 30000 ಕ್ಕೆ ತೋರಿಸಿ ಓಡಿಸಿದ್ರೆ ಒಂದು ತಾತ್ಕಾಲಿಕ ಲಿಂಕ್ ಬರುತ್ತೆ. ಪ್ರತಿ ಸಲ ಲಿಂಕ್ ಬೇರೆ, ಹಾಗಾಗಿ ಆಟದ ದಿನವೇ ಗ್ರೂಪಿಗೆ ಹಾಕಿ. ಸ್ಥಿರ ಲಿಂಕ್ ಬೇಕಂದ್ರೆ ಸ್ವಂತ ಡೊಮೈನ್ ಬೇಕು. ಇನ್ನೊಂದು ದಾರಿ ನಿಮ್ಮ ಸಾಧನಗಳನ್ನ ಒಂದೇ ಖಾಸಗಿ ಜಾಲಕ್ಕೆ ಸೇರಿಸೋ ಟೈಲ್‌ಸ್ಕೇಲ್, ಆದ್ರೆ ಹೊರಗಿನ ಇಬ್ಬರೂ ಅದನ್ನ ಹಾಕ್ಕೊಳ್ಳಬೇಕು.

ಮೇಜಿನ ಮೂವರಿಗೆ ಈ ಲಿಂಕ್ ಕೊಡಲೇಬೇಡಿ. ಅವರು 192.168 ರಿಂದ ಶುರುವಾಗೋ ನಿಮ್ಮ ಲ್ಯಾಪ್‌ಟಾಪ್ ವಿಳಾಸ, ಕೋಲನ್, 30000 ಹಾಕಿ ವೈಫೈ ಮೂಲಕವೇ ಬರಲಿ. ಟನೆಲ್ ಲಿಂಕ್ ಒತ್ತಿದ್ರೆ ಪಕ್ಕದಲ್ಲೇ ಕೂತವರ ಮ್ಯಾಪೂ ಹೊರಗೆ ಹೋಗಿ ವಾಪಸ್ ಬರಬೇಕು. ಲೆಕ್ಕ ಹಾಕಿ: ಐವರಿಗೂ ತಲಾ 18 ಎಂಬಿ ಅಂದ್ರೆ 90 ಎಂಬಿ, 2 ಎಂಬಿಪಿಎಸ್‌ನಲ್ಲಿ 6 ನಿಮಿಷ. ಹೊರಗಿನ ಇಬ್ಬರಿಗೆ ಮಾತ್ರ ಆದ್ರೆ ಎರಡೂವರೆ ನಿಮಿಷದ ಒಳಗೆ. ಅದೂ ಜಾಸ್ತಿನೇ. ಮ್ಯಾಪ್‌ನ ವೆಬ್‌ಪಿ ಅನ್ನೋ ಹಗುರ ಚಿತ್ರ ಮಾದರಿಗೆ ಬದಲಾಯಿಸಿ, ಕ್ವಾಲಿಟಿ 80 ಇಡಿ. ಇಂಥ ಚಿತ್ರ ಸಾಮಾನ್ಯವಾಗಿ 2–3 ಎಂಬಿಗೆ ಇಳಿಯುತ್ತೆ, ಇಬ್ಬರಿಗೂ ಸೇರಿ ಇಪ್ಪತ್ತು ಸೆಕೆಂಡು ಅಷ್ಟೇ.

ಲ್ಯಾನ್‌ನಲ್ಲೂ (ಮನೆಯೊಳಗಿನ ಜಾಲ) ತೆರೀತಿಲ್ಲ ಅಂದ್ರೆ ವಿಂಡೋಸ್ ಆ ವೈಫೈನ "ಪಬ್ಲಿಕ್" ಅಂತ ಇಟ್ಕೊಂಡಿರುತ್ತೆ, ಫೈರ್‌ವಾಲ್ ತಡೀತಿರುತ್ತೆ. "ಪ್ರೈವೇಟ್" ಮಾಡಿ.

ಗೂಬೆ_ಗೋಪುರ

ಒಂದು ತಕರಾರು. ತಿಂಗಳಿಗೆ ನಾಲ್ಕು ಸೆಷನ್‌ಗೆ ಫೌಂಡ್ರಿ ಯಾಕ್ ಬೇಕು ಗುರೂ? ಅದು ಒಂದೇ ಸಲ ಕೊಳ್ಳೋ ಲೈಸೆನ್ಸ್, 50 ಡಾಲರ್ ಆಸುಪಾಸು, ಆಟಗಾರರು ಕೊಡಬೇಕಿಲ್ಲ, ಒಪ್ತೀನಿ. ಆದ್ರೆ ಸರ್ವರ್ ನೋಡ್ಕೊಳ್ಳೋ ಕೆಲಸ ನಿಮ್ಮ ತಲೆ ಮೇಲೆ ಬರುತ್ತೆ.

ಔಲ್‌ಬೇರ್ ರೋಡಿಯೋ ಅನ್ನೋ ಮ್ಯಾಪ್ ಸೈಟ್ ನೋಡಿ. ಮ್ಯಾಪ್ ಅವರ ಸರ್ವರ್‌ನಲ್ಲಿರುತ್ತೆ, ಒಂದು ಸಲ ಹತ್ತಿಸಿದ್ರೆ ಆಮೇಲೆ ನಿಮ್ಮ 2 ಎಂಬಿಪಿಎಸ್‌ಗೂ ಆಟಗಾರರಿಗೂ ಸಂಬಂಧವೇ ಇಲ್ಲ. ಆಟಗಾರರಿಗೆ ಖಾತೆ ಬೇಡ, ಲಿಂಕ್ ಸಾಕು. ಫೋನಲ್ಲೂ ನಡೆಯುತ್ತೆ, ಫೌಂಡ್ರಿ ಫೋನಿಗೆ ಅಂತ ಮಾಡಿದ್ದಲ್ಲ, ಚಿಕ್ಕ ಪರದೆಯಲ್ಲಿ ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರದ ಹಾಳೆ) ತೆರೆದ್ರೆ ಮ್ಯಾಪೇ ಕಾಣಲ್ಲ. ಮ್ಯಾಪ್ ಮುಚ್ಚಿರೋ ಕತ್ತಲನ್ನ ನೀವೇ ಕೈಯಾರೆ ತೆಗೆದು ತೋರಿಸ್ತಾ ಹೋಗಿ. ಶೀಟು ಕಾಗದದಲ್ಲಿರಲಿ, ದಾಳ ನಿಜವಾದದ್ದೇ ಉರುಳಲಿ, ಮಾತಿಗೆ ಡಿಸ್ಕಾರ್ಡ್.

ಇಲ್ಲಿ ಸಿಗದೇ ಇರೋದು ನಿಯಮದ ಲೆಕ್ಕ. ಹೊಡೆತ ಬಿದ್ದ ಕೂಡಲೇ ಎಚ್‌ಪಿ (ಪಾತ್ರದ ಜೀವಬಲ) ಕಳೆಯೋದು, ಸ್ಪೆಲ್ ಸ್ಲಾಟ್ (ಇನ್ನೆಷ್ಟು ಸಲ ಮಂತ್ರ ಹಾಕಬಹುದು ಅಂತ) ಎಣಿಸೋದು ಎಲ್ಲ ನಿಮ್ಮದೇ.

ದಾಳ_ತುಮಕೂರು

ವ್ಯಾನ್ ಐಪಿ 100.72 ಅಂತ ತೋರಿಸ್ತು. ಸಿಜಿನ್ಯಾಟ್ ಖಚಿತ. ಗೋಡೆ ಅಡ್ಡ ಬಂದ್ರೆ ಅದರಾಚೆ ಇರೋದು ತಾನಾಗೇ ಮರೆಯಾಗಬೇಕು, ಅದು ನನಗೆ ಬೇಕೇ ಬೇಕು, ಕೋಟೆ ಪೂರ್ತಿ ಬಾಗಿಲು ತಿರುವುಗಳೇ. ಹಾಗಾಗಿ ಫೌಂಡ್ರಿ ಕಡೆಗೇ ಮನಸ್ಸು. ಐ3 ತಡೆಯುತ್ತಾ? ಟಿವಿ ಹೇಗೆ?

ಗೆರೆ_ಗೋಡೆ

ತಡೆಯುತ್ತೆ, ಆದ್ರೆ ಮ್ಯಾಪ್ ಅಳತೆ ಇಳಿಸಿ. ಚೌಕಕ್ಕೆ 100 ಪಿಕ್ಸೆಲ್ ಅಂದ್ರೆ 4000×5000. ಫೈಲ್ ಎಷ್ಟೇ ಚಿಕ್ಕದಾದ್ರೂ ಗ್ರಾಫಿಕ್ಸ್ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ 4 ಬೈಟ್, ಒಟ್ಟು 80 ಎಂಬಿ. ಚೌಕಕ್ಕೆ 70 ಮಾಡಿ: 2800×3500, 39 ಎಂಬಿ. ಹಳೇ ಸಾಧನಗಳು 4096 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರ ಹಿಡಿಯದೆ ಮ್ಯಾಪ್ ಜಾಗದಲ್ಲಿ ಬರೀ ಕಪ್ಪು ತೋರಿಸ್ತವೆ, ಆ ಕಾಟವೂ ತಪ್ಪುತ್ತೆ. ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ "ಲೋ", ಫ್ರೇಮ್ ರೇಟ್ 30. ಕ್ರೋಮ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಆನ್ ಇದೆಯಾ ನೋಡಿ, ಇಲ್ಲದಿದ್ರೆ ಉಳಿದದ್ದೆಲ್ಲ ವ್ಯರ್ಥ.

ಜನ ಎಡವೋದು ಮ್ಯಾಪ್ ಮೇಲೆ ನೋಟ ತಡೆಯೋ ಗೋಡೆಯ ಗೆರೆ ಎಳೆಯೋವಾಗ. ಬಂಡೆಯ ಅಂಚು ಅಂಕುಡೊಂಕು ಅಂತ ಬೆರಳುದ್ದದ ನೂರಾರು ಗೆರೆ ಎಳೀತಾರೆ. ಟೋಕನ್ (ಮ್ಯಾಪ್ ಮೇಲಿನ ಪಾತ್ರದ ಗುರುತು) ಸರಿದಾಗಲೆಲ್ಲ ಆ ಒಂದೊಂದು ಗೆರೆಗೂ ನೋಟದ ಲೆಕ್ಕ ಆಗಬೇಕು, ಐ3 ಅಲ್ಲೇ ಸುಸ್ತು. ಒಂದೆರಡು ಚೌಕಕ್ಕೊಂದು ನೇರ ಗೆರೆ ಸಾಕು, ಅದನ್ನೂ ಬಂಡೆಯ ಅಂಚಿಗಿಂತ ಕಾಲು ಚೌಕ ಒಳಗೆ ಎಳೆಯಿರಿ. ಆಗ ಕಲ್ಲಿನ ಮೈ ಸ್ವಲ್ಪ ಕಾಣುತ್ತೆ, ಬರೀ ಕಪ್ಪು ಇರಲ್ಲ. ತುದಿಗೆ ತುದಿ ಕೂಡಿರಲಿ. ಕೂದಲೆಳೆ ಸಂದಿದ್ರೂ ಬೆಳಕು ಸೋರಿ ಆಚೆ ಕೋಣೆ ಬಯಲಾಗುತ್ತೆ. ಕೋಟೆಯ ಬೇರೆ ಬೇರೆ ಮಟ್ಟಕ್ಕೆ ಬೇರೆ ಬೇರೆ ಸೀನ್ (ಪ್ರತ್ಯೇಕ ಮ್ಯಾಪ್ ಪುಟ) ಮಾಡಿ, ಮೆಟ್ಟಿಲಿಗೆ ಸೀನ್ ರೀಜನ್ (ಗುರುತು ಮಾಡಿದ ಜಾಗ) ಹಾಕಿ "ಟೆಲಿಪೋರ್ಟ್ ಟೋಕನ್" ಕೊಡಿ. ಫೌಂಡ್ರಿಯ 12ನೇ ಆವೃತ್ತಿಯಿಂದ ಇದು ಒಳಗೇ ಇದೆ, ಬೇರೆ ಮಾಡ್ಯೂಲ್ (ಮೇಲೆ ಸೇರಿಸೋ ಪ್ರೋಗ್ರಾಂ) ಬೇಡ.

ಆಟಕ್ಕೆ ಹತ್ತು ನಿಮಿಷ ಮುಂಚೆ ಎಲ್ಲರನ್ನೂ ಒಳಗೆ ಕರೆದು, ಸೀನ್ ಹೆಸರಿನ ಮೇಲೆ ಬಲಕ್ಲಿಕ್ ಮಾಡಿ ಪ್ರೀಲೋಡ್ ಒತ್ತಿ. ಮಧುಗಿರಿಯವರಿಗೆ ಮ್ಯಾಪ್ ಆಗಲೇ ಇಳಿದಿರುತ್ತೆ. ಫೌಂಡ್ರಿಯೊಳಗಿನ ವಿಡಿಯೋ ಕಾಲ್ ಆರಿಸಿಡಿ, ನಿಮ್ಮ ಅಪ್‌ಲೋಡ್‌ಗೆ ಅದು ಭಾರ.

ಟಿವಿ: "ಟಿವಿ" ಅಂತ ಇನ್ನೊಬ್ಬ ಯೂಸರ್ ಮಾಡಿ ಎಲ್ಲ ಪಾತ್ರಗಳಿಗೂ ಅಬ್ಸರ್ವರ್ (ನೋಡೋಕೆ ಮಾತ್ರ) ಹಕ್ಕು ಕೊಡಿ. ನೀವು ಜಿಎಂ (ಆಟ ನಡೆಸುವವರು) ಆಗಿರೋ ಬ್ರೌಸರ್‌ನಲ್ಲೇ ಇನ್ನೊಂದು ಟ್ಯಾಬ್ ತೆರೆದ್ರೆ ಅದೂ ಜಿಎಂ ಆಗೇ ತೆರೆಯುತ್ತೆ, ಗುಟ್ಟೆಲ್ಲ ಟಿವಿ ಮೇಲೆ. ಫೈರ್‌ಫಾಕ್ಸ್ ಅಥವಾ ಇನ್‌ಕಾಗ್ನಿಟೋ ಬಳಸಿ. 43 ಇಂಚಿನ ಪರದೆ ಅಗಲ ಸುಮಾರು 37.5 ಇಂಚು; ಫುಲ್ ಎಚ್‌ಡಿ ಪರದೆಯ ಅಗಲದ 1920 ಪಿಕ್ಸೆಲ್‌ನ ಅದರಿಂದ ಭಾಗಿಸಿದ್ರೆ ಇಂಚಿಗೆ 51 ಪಿಕ್ಸೆಲ್. 70 ರ ಚೌಕ ಒಂದಿಂಚು ಆಗಬೇಕಂದ್ರೆ ಫೌಂಡ್ರಿಯಲ್ಲಿ ಮ್ಯಾಪ್‌ನ ಸ್ಕೇಲ್ 0.73. ವಿಂಡೋಸ್ ಡಿಸ್‌ಪ್ಲೇ ಸ್ಕೇಲಿಂಗ್ 100% ಇರಲಿ, 125 ಇದ್ರೆ ಈ ಲೆಕ್ಕ ಕೆಡುತ್ತೆ. ಟಿವಿ ಮೇಲೆ ದಪ್ಪ ಅಕ್ರಿಲಿಕ್ ಹಾಳೆ ಹಾಕದೆ ಲೋಹದ ಮಿನಿಯೇಚರ್ ಇಡಬೇಡಿ.

ಅಂತರಗಂಗೆ

ಇನ್ನೊಂದಿಷ್ಟು ಸೇರಿಸ್ತೀನಿ. ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡ್ತಿರುತ್ತೆ, ರೌಟರ್ ಸತ್ತಿರುತ್ತೆ. ರೌಟರ್ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು, ಆ್ಯಂಪ್ ನೋಡಿ ಅದಕ್ಕೆ ಹೊಂದೋ ಮಿನಿ ಯುಪಿಎಸ್ ಹಾಕಿ. ಫೈಬರ್ ಡಬ್ಬಿ ಬೇರೆ ಇದ್ರೆ ಅದಕ್ಕೂ.

11ನೇ ಆವೃತ್ತಿಯಿಂದ ಫೌಂಡ್ರಿ ಲೆವೆಲ್‌ಡಿಬಿ ಅನ್ನೋ ಡೇಟಾಬೇಸ್‌ನಲ್ಲಿ ಬರೆದಿಡುತ್ತೆ. ವರ್ಲ್ಡ್ (ನಿಮ್ಮ ಆಟದ ಎಲ್ಲ ಮಾಹಿತಿ) ತೆರೆದಿರುವಾಗಲೇ ಫೋಲ್ಡರ್ ಕಾಪಿ ಮಾಡಿದ್ರೆ ಅರ್ಧಂಬರ್ಧ ಬರುತ್ತೆ. "ರಿಟರ್ನ್ ಟು ಸೆಟಪ್" ಒತ್ತಿ, ಆಮೇಲೆ ಕಾಪಿ. ಡೇಟಾ ಫೋಲ್ಡರ್‌ನ ಒನ್‌ಡ್ರೈವ್ ಒಳಗೆ ಇಡಬೇಡಿ, ಸಿಂಕ್ ಆಗುವಾಗ ಫೈಲ್ ಲಾಕ್ ಆಗಿ ವರ್ಲ್ಡ್ ಕೆಡುತ್ತೆ.

ಟಿಪ್ಪಣಿ ಕನ್ನಡದಲ್ಲಿ ಬರೆಯೋದಾದ್ರೆ ಯೂನಿಕೋಡ್ ಆಗಿರಲಿ. ನುಡಿಯ ಹಳೇ ಆಸ್ಕಿ ಪಠ್ಯ ಅಂಟಿಸಿದ್ರೆ ಜರ್ನಲ್‌ನಲ್ಲಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತೆ. ಟೋಕನ್ ಹೆಸರು ಕನ್ನಡದಲ್ಲಿರಲಿ, ಫೈಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಸ್ಪೇಸ್ ಇಲ್ಲದೆ.

ಕೊಳ್ಳುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ. ಫೌಂಡ್ರಿ ಸೈಟಲ್ಲಿ ಡೆಮೊ ಇದೆ, ಅದನ್ನ ಮೊದಲು ಮಧುಗಿರಿಯವರ ಹಾಟ್‌ಸ್ಪಾಟ್‌ನಲ್ಲೇ ತೆರೆಸಿ ನೋಡಿ.