ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್, ಬೂಟ್ ಆಗದ ಲಿನಕ್ಸ್: ಪ್ರಶ್ನೋತ್ತರ

ಮೈಸೂರಿನ ವಿದ್ಯಾರ್ಥಿ: ಸರ್, ಬೂಟ್ ಫೋಲ್ಡರ್ ಸಮೇತ ಇಡೀ ಡಿಸ್ಕನ್ನು ಲಕ್ಸ್2ನಲ್ಲಿ (ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವ ಲಿನಕ್ಸ್‌ನ ವಿಧಾನ) ಎನ್‌ಕ್ರಿಪ್ಟ್ ಮಾಡಿದೆ. ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಗ್ರಬ್ (ಕಂಪ್ಯೂಟರ್ ಆನ್ ಆದಾಗ ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಂ) ಒಪ್ಪುತ್ತಿಲ್ಲ. ಗ್ರಬ್ ವರ್ಷನ್ 2.06.

ಉತ್ತರ: ನಿಮ್ಮ ಪಾಸ್‌ವರ್ಡ್ ತಪ್ಪಲ್ಲ. ಲಕ್ಸ್2 ಸಾಮಾನ್ಯವಾಗಿ ಪಾಸ್‌ವರ್ಡಿನಿಂದ ಕೀಲಿ ತಯಾರಿಸಲು ಆರ್ಗಾನ್2ಐಡಿ ಎಂಬ ವಿಧಾನ ಬಳಸುತ್ತದೆ. 2021ರಲ್ಲಿ ಬಂದ ಗ್ರಬ್ 2.06ಗೆ ಪಿಬಿಕೆಡಿಎಫ್2 ಎಂಬ ಹಳೆಯ ವಿಧಾನ ಮಾತ್ರ ಗೊತ್ತು. ಹೊಸದಾಗಿ ಇನ್‌ಸ್ಟಾಲ್ ಮಾಡುವುದಾದರೆ ಬೂಟ್‌ಗೆ 1 ಜಿಬಿಯ ಬೇರೆ ಪಾರ್ಟಿಷನ್ ಕೊಡಿ, ಅದನ್ನು ಎನ್‌ಕ್ರಿಪ್ಟ್ ಮಾಡಬೇಡಿ. ಆಗ ಡಿಸ್ಕ್ ತೆರೆಯುವ ಕೆಲಸ ಗ್ರಬ್‌ಗೆ ಇರುವುದಿಲ್ಲ, ಕರ್ನಲ್ (ಲಿನಕ್ಸಿನ ತಿರುಳು) ಲೋಡ್ ಆದ ಮೇಲೆ ನಡೆಯುತ್ತದೆ.

ಹುಬ್ಬಳ್ಳಿಯ ಸದಸ್ಯ: ನನಗೂ ಗ್ರಬ್ ಪಾಸ್‌ವರ್ಡ್ ತಗೊಳ್ತಿಲ್ಲ ಸರ್.

ಉತ್ತರ: ಮೇಲೆ ಓದಿ.

ಬ್ಯಾಂಕ್ ಉದ್ಯೋಗಿ: ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಸೆಟ್ಟಿಂಗ್) ಆಫ್ ಮಾಡಿದೆ. ಈಗ ವಿಂಡೋಸ್ 48 ಅಂಕಿಯ ಕೀ ಕೇಳುತ್ತಿದೆ.

ಉತ್ತರ: ಅದು ಬಿಟ್‌ಲಾಕರ್, ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ ನೋಡಿ. ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರಬಹುದು. ಮುಂದಿನ ಸಲ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ದಾವಣಗೆರೆಯ ಸದಸ್ಯೆ: ಸರ್, ಒಂದು ಫಾರ್ವರ್ಡ್ ಬಂದಿತ್ತು. ಲಕ್ಸ್ ಪಾರ್ಟಿಷನ್‌ನ ಮೊದಲ 16 ಎಂಬಿಗೆ ಡಿಡಿಯಿಂದ (ಡಿಸ್ಕಿನ ಮೇಲೆ ನೇರವಾಗಿ ಬರೆಯುವ ಕಮಾಂಡ್) ಸೊನ್ನೆ ತುಂಬಿದರೆ ಗ್ರಬ್ ಸರಿಹೋಗುತ್ತದೆ ಅಂತ. ಲೈವ್ ಯುಎಸ್‌ಬಿಯಿಂದ (ಯುಎಸ್‌ಬಿಯಿಂದಲೇ ನಡೆಯುವ ಲಿನಕ್ಸ್) ಡಿಸ್ಕ್ ತೆರೆದಿದ್ದೆ, ಹಾಗೇ ಮಾಡಿಬಿಟ್ಟೆ. ಫೈಲ್‌ಗಳು ಇನ್ನೂ ಕಾಣುತ್ತಿವೆ. ರೀಸ್ಟಾರ್ಟ್ ಮಾಡಲಾ?

ಉತ್ತರ: ಬೇಡ! ಆಫ್ ಮಾಡಬೇಡಿ, ಮುಚ್ಚಳ ಮುಚ್ಚಬೇಡಿ, ಯುಎಸ್‌ಬಿ ಕೀಳಬೇಡಿ. ಚಾರ್ಜರ್ ಹಾಕಿ. ನೀವು ಅಳಿಸಿದ್ದು ಲಕ್ಸ್ ಹೆಡರ್, ಅಂದರೆ ಪಾರ್ಟಿಷನ್‌ನ ಶುರುವಿನ ಮಾಹಿತಿ ಭಾಗ. ಡಿಸ್ಕಿನ ನಿಜವಾದ ಕೀಲಿ ಅದರೊಳಗೆ ಇತ್ತು. ನಿಮ್ಮ ಪಾಸ್‌ವರ್ಡ್ ಆ ಕೀಲಿಯನ್ನು ತೆರೆಯುತ್ತದೆ ಅಷ್ಟೇ. ಅದೇ ಪಾಸ್‌ವರ್ಡ್ ಹಾಕಿ ಹೊಸ ಹೆಡರ್ ಮಾಡಿದರೂ ಹಳೆಯ ಕೀಲಿ ಬರುವುದಿಲ್ಲ. ಈಗ ಫೈಲ್ ಕಾಣುತ್ತಿರುವುದು ಕೀಲಿ ಇನ್ನೂ ಮೆಮೊರಿಯಲ್ಲಿ ಇರುವುದರಿಂದ. ಕರೆಂಟ್ ಹೋದರೆ ಎಲ್ಲವೂ ಹೋಯಿತು. ಬೇರೆ ಹಾರ್ಡ್ ಡಿಸ್ಕ್ ತಂದು, ಮೊದಲು ಬಹಳ ಮುಖ್ಯವಾದ ಫೈಲ್‌ಗಳನ್ನು ಕಾಪಿ ಮಾಡಿ. ಹೆಡರ್ ಬ್ಯಾಕಪ್ ಇದೆಯಾ?

ದಾವಣಗೆರೆಯ ಸದಸ್ಯೆ: ಇಲ್ಲ ಸರ್. ಅಂಗಡಿಯ ಐದು ವರ್ಷದ ಲೆಕ್ಕ ಇದೆ.

ಉತ್ತರ: ಲೆಕ್ಕದಿಂದಲೇ ಶುರು ಮಾಡಿ. ಈಗಲೇ. ಎಲ್ಲರಿಗೂ ಹೇಳುತ್ತಿದ್ದೇನೆ, ಡಿಡಿ ಇರುವ ಫಾರ್ವರ್ಡನ್ನು ಯಾರೂ ಈ ಗುಂಪಿಗೆ ಹಾಕಬೇಡಿ.

ತುಮಕೂರಿನ ಸದಸ್ಯ: ಮನೆ ಲ್ಯಾಪ್‌ಟಾಪ್‌ಗೆ ಎನ್‌ಕ್ರಿಪ್ಷನ್ ಯಾಕ್ರೀ? ಸುಮ್ನೆ ತಲೆನೋವು.

ಮಂಗಳೂರಿನ ಸದಸ್ಯ: ಬಸ್ಸಿನಲ್ಲಿ ನನ್ನ ಲ್ಯಾಪ್‌ಟಾಪ್ ಕಳವಾಯಿತು. ಮನೆಯವರ ಆಧಾರ್, ಪಾನ್ ಎಲ್ಲಾ ಅದರಲ್ಲಿತ್ತು. ಎನ್‌ಕ್ರಿಪ್ಟ್ ಆಗಿತ್ತು, ಬಚಾವ್.

ತುಮಕೂರಿನ ಸದಸ್ಯ: ಅವರ ಅಂಗಡಿ ಲೆಕ್ಕ ಹೋದರೆ ನೀವು ಕಟ್ಟಿಕೊಡ್ತೀರಾ?

ಮಂಗಳೂರಿನ ಸದಸ್ಯ: ಲೆಕ್ಕ ಕೆಡಿಸಿದ್ದು ಫಾರ್ವರ್ಡ್. ಓದದೆ ಮಾತಾಡಬೇಡಿ.

ಬೆಂಗಳೂರಿನ ಸದಸ್ಯ: ಸರ್, ಎನ್‌ಕ್ರಿಪ್ಟ್ ಮಾಡಿದರೆ ಹೈಬರ್ನೇಟ್ ಆಗುತ್ತಾ?

ಹಾಸನದ ಸದಸ್ಯ: ಗ್ರಬ್ ಪಾಸ್‌ವರ್ಡ್ ಒಪ್ತಿಲ್ಲ, ಏನು ಮಾಡೋದು?

ಉತ್ತರ: ಮೂರನೇ ಸಲ. ಇನ್ನು ಈ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ಜಗಳ ಆಡುವವರು ಹೊರಗೆ ಆಡಿ, ದಾವಣಗೆರೆಯವರ ಮೆಸೇಜ್ ಕಾಣದಂತಾಗುತ್ತಿದೆ. ದಾವಣಗೆರೆಯವರೇ, ಎಲ್ಲಿಗೆ ಬಂತು?

ದಾವಣಗೆರೆಯ ಸದಸ್ಯೆ: ಲೆಕ್ಕ ಪೂರ್ತಿ ಬಂತು ಸರ್, ತೆರೆದೂ ನೋಡಿದೆ. ಫೋಟೋ 40 ಜಿಬಿ ಬಾಕಿ.

ಉತ್ತರ: ಒಳ್ಳೇದಾಯಿತು. ಫೋಟೋ ಮುಗಿಯುವ ತನಕ ಯಾರಿಗೂ ಲ್ಯಾಪ್‌ಟಾಪ್ ಮುಟ್ಟಲು ಬಿಡಬೇಡಿ. ನಾನು ಆನ್‌ಲೈನ್‌ನಲ್ಲೇ ಇರುತ್ತೇನೆ.