ಸ್ಟೋರ್ ಮ್ಯಾನೇಜರ್‌ನಿಂದ ಮರ್ಚಂಡೈಸಿಂಗ್ ಹೆಡ್ ಆಗುವ ದಾರಿ ಯಾವುದು?

ಅರಿವೆಗಂಟು: ಬಟ್ಟೆ ರೀಟೇಲ್‌ನಲ್ಲಿ ಸ್ಟೋರ್ ಮ್ಯಾನೇಜರ್ ಆದವರು ಸಾಮಾನ್ಯವಾಗಿ ಏರಿಯಾ ಮ್ಯಾನೇಜರ್, ರೀಜನಲ್ ಮ್ಯಾನೇಜರ್ ಅಂತ ಆಪರೇಷನ್ಸ್ ಕಡೆಗೇ ಹೋಗುತ್ತಾರೆ. ಬೈಯಿಂಗ್, ಅಂದರೆ ಮಾಲು ಆರಿಸಿ ಕೊಳ್ಳುವ ಕಡೆ ಹೊರಳಿ ಮರ್ಚಂಡೈಸಿಂಗ್ ಹೆಡ್ ತನಕ ಮೇಲೇರಬೇಕಾದರೆ ಎಲ್ಲಿಂದ ಶುರು ಮಾಡಬೇಕು? ಯಾವ ಲೆಕ್ಕ ಗೊತ್ತಿರಬೇಕು?

ಲೆಕ್ಕದಕಡ್ಡಿ: ನೇರವಾಗಿ ಬೈಯರ್ ಹುದ್ದೆಗೆ ಕೈಹಾಕಬೇಡಿ. ಮೊದಲು ಅಲೊಕೇಟರ್ ಆಗಿ. ಯಾವ ಅಂಗಡಿಗೆ ಯಾವ ಸೈಜ್ ಎಷ್ಟು ಅಂತ ಹಂಚುವ ಕೆಲಸ ಅದು, ಸ್ಟೋರ್ ಅನುಭವ ಅಲ್ಲಿ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತದೆ. ಆಮೇಲೆ ಎಷ್ಟು ಮಾರಾಟ, ಎಷ್ಟು ಸ್ಟಾಕ್ ಅಂತ ಯೋಜಿಸುವ ಪ್ಲಾನರ್, ಅದಾದ ಮೇಲೆ ಬೈಯರ್.

ಮುಖ್ಯ ಲೆಕ್ಕ ಓಪನ್-ಟು-ಬೈ, ಅಂದರೆ ಹೊಸದಾಗಿ ಇನ್ನೆಷ್ಟು ಕೊಳ್ಳಬಹುದು ಅನ್ನುವ ಲೆಕ್ಕ. ತಿಂಗಳಲ್ಲಿ ಮಾರಬೇಕಾದದ್ದು 4,000 ಪೀಸ್, ತಿಂಗಳ ಕೊನೆಗೆ ಇರಬೇಕಾದ ಸ್ಟಾಕ್ 9,000: ಒಟ್ಟು 13,000. ಕೈಯಲ್ಲಿರುವುದು 8,500, ಆರ್ಡರ್ ಕೊಟ್ಟು ಈ ತಿಂಗಳು ಬರಬೇಕಾದದ್ದು 2,500. ಕಳೆದರೆ ಹೊಸದಾಗಿ ಕೊಳ್ಳಲು ಉಳಿಯುವುದು 2,000 ಮಾತ್ರ. ಬರಬೇಕಾದ ಆ 2,500 ಅನ್ನು ಮರೆತರೆ 4,500 ಅಂತ ಕಾಣುತ್ತದೆ. ಹೊಸಬರು ಮುಗ್ಗರಿಸುವುದು ಇಲ್ಲೇ. ಹಣದಲ್ಲಿ ಲೆಕ್ಕ ಹಾಕುವಾಗ ಅಂದಾಜು ಮಾರ್ಕ್‌ಡೌನ್ (ಬೆಲೆ ಇಳಿಕೆ) ಕೂಡ ಮಾರಾಟದ ಜೊತೆ ಸೇರಿಸಿ, ಬೆಲೆ ಇಳಿಸಿದಷ್ಟೂ ಸ್ಟಾಕಿನ ಮೌಲ್ಯ ಇಳಿಯುತ್ತದೆ.

ಕಟ್‌ಸೈಜ್: ಸೆಲ್-ಥ್ರೂ, ಅಂದರೆ ಬಂದ ಮಾಲಿನಲ್ಲಿ ಶೇಕಡಾ ಎಷ್ಟು ಮಾರಾಟವಾಯಿತು ಅನ್ನುವುದು, ಅದೊಂದನ್ನೇ ನಂಬಬೇಡಿ. 600 ಶರ್ಟ್ ಬಂದು 8 ವಾರದಲ್ಲಿ 390 ಹೋದರೆ ಶೇ 65, ನೋಡಲು ಚೆನ್ನಾಗಿದೆ. ಆದರೆ ಹೆಚ್ಚಿನ ಅಂಗಡಿಗಳಲ್ಲಿ ಮೀಡಿಯಂ, ಲಾರ್ಜ್ ಖಾಲಿಯಾಗಿ ಸ್ಮಾಲ್ ಮತ್ತು ಡಬಲ್ ಎಕ್ಸೆಲ್ ಮಾತ್ರ ಉಳಿದಿದ್ದರೆ ಆ 210 ಪೀಸ್ ಪೂರ್ತಿ ಬೆಲೆಗೆ ಹೋಗುವುದು ಕಷ್ಟ. ಎಲ್ಲ ಅಂಗಡಿಗಳಿಂದ ವಾಪಸ್ ತರಿಸಿ ಎರಡು-ಮೂರು ಅಂಗಡಿಗಳಲ್ಲಿ ಸೈಜ್ ಸೆಟ್ ಕೂಡಿಸಿ, ಆಮೇಲೆ ಬೆಲೆ ಇಳಿಸಿ. ಸೀಸನ್ ಮಧ್ಯದ ಶೇ 20 ರಿಯಾಯಿತಿ, ಕೊನೆಯಲ್ಲಿ ಕೊಡಬೇಕಾಗುವ ಶೇ 60ಕ್ಕಿಂತ ಅಗ್ಗ.

ನೂಲೆಳೆ: ಮೇಲಿನ ಹುದ್ದೆಗೆ ಹೋದಮೇಲೂ ಈ ಬೆಲೆಯ ವಿಷಯ ಬೆನ್ನು ಬಿಡುವುದಿಲ್ಲ. ಆಪಲ್ ಅಂಗಡಿಗಳನ್ನು ಕಟ್ಟಿದ ರಾನ್ ಜಾನ್ಸನ್ 2011ರ ನವೆಂಬರಿನಲ್ಲಿ ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರ್ ಸರಪಳಿ ಜೆ.ಸಿ. ಪೆನ್ನಿಯ ಸಿಇಒ ಆದರು. ಕೂಪನ್, ಪದೇಪದೇ ಬರುವ ಸೇಲ್ ಎಲ್ಲ ತೆಗೆದು ದಿನವೂ ಒಂದೇ ಬೆಲೆ ಅಂದರು, ಅದೂ ಕೆಲವು ಅಂಗಡಿಗಳಲ್ಲಿ ಮೊದಲು ಪರೀಕ್ಷಿಸದೆ. 2012ರಲ್ಲಿ ಮಾರಾಟ ಸುಮಾರು ಶೇ 25 ಕುಸಿಯಿತು; 2013ರ ಏಪ್ರಿಲ್‌ನಲ್ಲಿ ಅವರು ಹೊರಬಿದ್ದರು. ಬೆಲೆ ಕಡಿಮೆ ಇದ್ದರೂ ‘ಎಷ್ಟು ಉಳಿಯಿತು’ ಅನ್ನುವುದು ಗಿರಾಕಿಗೆ ಕಾಣಲಿಲ್ಲ.

ಮಿಕ್ಕಿ ಡ್ರೆಕ್ಸ್ಲರ್ ಇದಕ್ಕೆ ವಿರುದ್ಧ ಬಗೆ, ಮಾಲನ್ನೇ ಹಿಡಿದು ಬೆಳೆದವರು. 1983ರಲ್ಲಿ ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ ಸೇರಿ, 1995ರಲ್ಲಿ ಸಿಇಒ ಆದರು. ಅವರಿಗೂ 2002ರಲ್ಲಿ ಆ ಕುರ್ಚಿ ಉಳಿಯಲಿಲ್ಲ ಅನ್ನಿ.

ಅರಿವೆಗಂಟು: ಮಾರ್ಜಿನ್ ಶೇಕಡಾವಾರು ಹೆಚ್ಚಿದ್ದರೆ ಸಾಲದೇ?

ಲೆಕ್ಕದಕಡ್ಡಿ: ಸಾಲದು. ಒಟ್ಟು ಮಾರ್ಜಿನ್ (ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿದದ್ದು) ಅನ್ನು, ಕೊಂಡ ಬೆಲೆಯಲ್ಲಿ ಲೆಕ್ಕ ಹಾಕಿದ ಸರಾಸರಿ ಸ್ಟಾಕ್‌ನಿಂದ ಭಾಗಿಸಿ. 100ರ ಮಾರಾಟಕ್ಕೆ ಕೋಟಿನಲ್ಲಿ ಮಾರ್ಜಿನ್ 60, ಸ್ಟಾಕ್ 40 ಆದರೆ 1.5. ಟೀ ಶರ್ಟಿನಲ್ಲಿ ಮಾರ್ಜಿನ್ 40, ಸ್ಟಾಕ್ 16 ಆದರೆ 2.5. ಟೀ ಶರ್ಟಿಗೆ ಹಾಕಿದ ದುಡ್ಡೇ ಹೆಚ್ಚು ದುಡಿಯುತ್ತಿದೆ.