ಸಹಾಯ ಬೇಕು: ಡಯಾಲಿಸಿಸ್‌ನಲ್ಲಿರುವ ಅಣ್ಣನಿಗೆ ತೂಕ ಇಳಿಸುವ ಆಪರೇಷನ್

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ 46 ವರ್ಷ. ವಾರಕ್ಕೆ ಮೂರು ಸಲ ಡಯಾಲಿಸಿಸ್. ತೂಕ 118 ಕೆಜಿ, ಬಿಎಂಐ 41. ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ (ರಾಜ್ಯದ ಅಂಗಾಂಗ ಕಸಿ ನೋಂದಣಿ ಸಂಸ್ಥೆ) ಹೆಸರು ಬರೆಸೋಣ ಅಂದರೆ, ಮೊದಲು ತೂಕ ಇಳಿಯಲಿ ಎಂದರು ಡಾಕ್ಟರು. ಸ್ಲೀವ್ ಆಪರೇಷನ್ (ಜಠರದ ಬಹುಭಾಗ ತೆಗೆದು ಚಿಕ್ಕದು ಮಾಡುವುದು) ಹೇಳಿದ್ದಾರೆ. ಗ್ಯಾಸ್ಟ್ರಿಕ್ ಬೈಪಾಸ್ (ಕರುಳಿನ ದಾರಿಯನ್ನೂ ಬದಲಿಸುವ ಆಪರೇಷನ್) ಆದರೆ ಮುಂದೆ ಟ್ಯಾಕ್ರೋಲಿಮಸ್ ಮಾತ್ರೆ (ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವುದು) ಮೈಗೆ ಹಿಡಿಯುವುದು ಏರುಪೇರಾಗಬಹುದಂತೆ, ಆಕ್ಸಲೇಟ್ ಎಂಬ ಲವಣ ಕಿಡ್ನಿಯಲ್ಲಿ ಕಟ್ಟಿಕೊಳ್ಳುವ ಭಯವೂ ಇದೆಯಂತೆ. ಅದು ಸರಿ.

ನಮ್ಮ ಚಿಂತೆ ನೀರಿನದು. ಈ ಆಪರೇಷನ್ ಆದವರು ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯಬೇಕು, ಪ್ರೋಟೀನ್ ಜಾಸ್ತಿ ಬೇಕು. ಅಣ್ಣನಿಗೆ ದಿನಕ್ಕೆ ಒಂದೇ ಲೀಟರ್ ನೀರು, ಪ್ರೋಟೀನ್ ಆಹಾರದಲ್ಲಿ ಹೆಚ್ಚಿರುವ ಫಾಸ್ಫರಸ್‌ಗೆ ಪಥ್ಯ ಬೇರೆ. ಡಯಾಲಿಸಿಸ್‌ನಲ್ಲಿದ್ದೇ ಸ್ಲೀವ್ ಮಾಡಿಸಿಕೊಂಡವರು ಇದನ್ನು ಹೇಗೆ ನಿಭಾಯಿಸಿದಿರಿ? ಡ್ರೈ ವೇಟ್ (ಡಯಾಲಿಸಿಸ್‌ನಲ್ಲಿ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ) ಎಷ್ಟು ದಿನಕ್ಕೊಮ್ಮೆ ಬದಲಿಸಿದರು? ಕಸಿಗೆ ಎಷ್ಟು ತಿಂಗಳು ಕಾದಿರಿ?

ಅತ್ತಿಗೆಗೆ ರಾತ್ರಿ ನಿದ್ದೆಯೇ ಇಲ್ಲ. ದಯವಿಟ್ಟು ಬರೆಯಿರಿ.